ಆಂಕರ್ ಕಾಕಾನ ಒಂದು ಮಾತು

ಕಳೆದ ತಿಂಗಳು ನಮ್ಮ ಮನೆಗೆ ಹೊಸ ಟಿವಿ ಬಂತು. ಹಳೆಯದು ಪಾಪ, ಹೊಟ್ಟೆ ಬಿಟ್ಟುಕೊಂಡು ಮೇಜಿನ ಮೇಲೆ ಕೂತಿರುತ್ತಿತ್ತು. ಇದು ಗೋಡೆಗೇ ಅಂಟಿಕೊಂಡಿರಬೇಕಂತೆ. ಅದನ್ನು ಕೂರಿಸಲು ಬಂದ ಸಲೀಮ್ ಭಾಯಿ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ನಾಲ್ಕು ಕಡೆ ತಟ್ಟಿ, ಎಕ್ಸ್‌ರೇ ನೋಡಿದ ಡಾಕ್ಟರರ ಹಾಗೆ ತಲೆಯಾಡಿಸಿ, "ದೀವಾರ್ ಪೋಲೀ ಹೈ ಸಾಬ್. ಖಾಲೀ ಸ್ಕ್ರೂ ಸೇ ನೈ ಹೋತಾ. ಆಂಕರ್ ಮಾರ್ನಾ ಪಡ್ತಾ" ಎಂದ. ಗೋಡೆ ಪೊಳ್ಳು, ಬರೀ ಸ್ಕ್ರೂ ಹಿಡಿಯುವುದಿಲ್ಲ, ಆಂಕರ್ ಹೊಡೆಯಬೇಕು.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಮನ್ಯಾಗ ಒಬ್ಬರು ಅದಾರಲ್ಲ, ಅವರ್ನ ಹೊಡೀರಿ."

ಸಲೀಮ್ ಭಾಯಿಗೆ ಕನ್ನಡ ಬಾರದಿದ್ದದ್ದು ನನ್ನ ಪುಣ್ಯ. ಅವನು ಗೋಡೆಗೆ ತೂತು ಕೊರೆದು, ಗಿಲೀಟಿನ ಒಂದು ಸಣ್ಣ ಕೊಳವೆಯನ್ನು ಒಳಗೆ ತಳ್ಳಿ, ಬೋಲ್ಟನ್ನು ತಿರುವಿದ. ತಿರುವಿದಂತೆಲ್ಲ ಆ ಕೊಳವೆ ಗೋಡೆಯೊಳಗೆ ಕಾಲಗಲಿಸಿ ನಿಲ್ಲುತ್ತದಂತೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ.

ನನ್ನ ಹೆಂಡತಿಯ ಕುಹಕದ ಹಿನ್ನೆಲೆ ಹೇಳಬೇಕು. ಈ ಹೈದರಾಬಾದಿನಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ಅದರ ಕಾರ್ಯಕ್ರಮಗಳಲ್ಲಿ ಮೈಕು ಹಿಡಿದು "ಈಗ ಮುಂದಿನ ಕಾರ್ಯಕ್ರಮ" ಎನ್ನುತ್ತಿದ್ದವನು ನಾನು. ಮೊದಲು ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ 'ನಿರೂಪಣೆ: ಬಸವರಾಜ' ಎಂದು ಅಚ್ಚಾಗುತ್ತಿತ್ತು. ಆಮೇಲೆ ತೆಲುಗು ಚಾನೆಲ್ಲುಗಳು ಮನೆಮನೆಗೆ ಬಂದವು, ಹೊಳೆಯುವ ಸೀರೆಯುಟ್ಟು ಓಡಾಡುವ 'ಯಾಂಕರ್'ಗಳು ಬಂದರು, ನಾನೂ ಸದ್ದಿಲ್ಲದೆ ಆಂಕರ್ ಆದೆ. ಸಂಘದ ಮಕ್ಕಳಿಗೆಲ್ಲ ನಾನು ಆಂಕರ್ ಕಾಕಾ. ಮೂಲತಃ ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ತಲೆಯೆತ್ತಿ ನೋಡದ ಡಾಕ್ಟರರ ಎದುರು ಎರಡು ನಿಮಿಷದಲ್ಲಿ ಕೆಮ್ಮಿನ ಔಷಧಿಯ ಮಹಾತ್ಮೆ ಹೇಳಿ ಮುಗಿಸುತ್ತಿದ್ದವನಿಗೆ, ಎರಡು ನೂರು ಜನ ತಲೆಯೆತ್ತಿ ನನ್ನನ್ನೇ ನೋಡುವ ಸಭೆ ಸಿಕ್ಕರೆ ಹೇಗಿರಬೇಡ! ಮೈಕು ಕೈಗೆ ಬಂದೊಡನೆ ನನ್ನ ಎತ್ತರ ಎರಡು ಇಂಚು ಹೆಚ್ಚುತ್ತಿತ್ತು.

ಈ ಪದದ ಮೊದಲ ಪರಿಚಯ ಆದದ್ದು ಬಿಜಾಪುರ ಕಡೆಯ ನಮ್ಮ ಊರಿನ ಶಾಲೆಯಲ್ಲಿ. ಪುಸ್ತಕದಲ್ಲಿ ಹಡಗಿನ ಚಿತ್ರ, ಕೆಳಗೆ 'ಆಂಕರ್, ಅಂದರೆ ಲಂಗರು' ಎಂದಿತ್ತು. ನಾವಾರೂ ಸಮುದ್ರ ನೋಡಿದವರಲ್ಲ, ಮಾಸ್ತರರೂ ನೋಡಿದವರಲ್ಲ. ಅವರು ಸ್ವಲ್ಪ ಯೋಚಿಸಿ, "ನಮ್ಮ ಬಾವ್ಯಾಗ ಬಿದ್ದ ಕೊಡಾ ತಗಿಯೂ ಪಾತಾಳಗರಡಿ ಇರತೈತಲ್ಲ, ಹಂತಾದ್ದ. ಆದರ ಅದು ಕೊಡಾ ಎತ್ತತೈತಿ, ಇದು ಹಡಗ ಹಿಡೀತೈತಿ" ಎಂದಿದ್ದರು. ಅವತ್ತಿನಿಂದ ಬಹಳ ವರ್ಷ ನನ್ನ ಕಲ್ಪನೆಯ ಹಡಗುಗಳೆಲ್ಲ ಬಾವಿಯಲ್ಲೇ ನಿಂತಿರುತ್ತಿದ್ದವು.

ಕೆಲಸ ಸಿಕ್ಕು ಹೈದರಾಬಾದಿಗೆ ಬಂದಾಗ ನಾನು ಬಂದಿಳಿದದ್ದು ಲಂಗರ್ ಹೌಜ್ ಎಂಬ ಬಡಾವಣೆಗೆ. ಹೆಸರಿನಲ್ಲೇ ಲಂಗರಿದೆ, ಹಡಗು ಮಾತ್ರ ಇಲ್ಲ. ಅದೇನು ಲಂಗರು ಎಂದು ಮೂವರನ್ನು ಕೇಳಿದೆ. ಪಾನ್ ಅಂಗಡಿಯವನು ಕಬ್ಬಿಣದ ಸರಪಳಿ ಎಂದ. ಮಸೀದಿಯ ಪಕ್ಕದ ಹಿರಿಯರು, ಹಸಿದವರಿಗೆ ಅನ್ನ ಹಾಕುವ ಜಾಗಕ್ಕೂ ಲಂಗರ್ ಎನ್ನುತ್ತಾರೆ ಎಂದರು. ಮೂರನೆಯವನು ನನ್ನ ಅಣ್ಣ. "ನಿನಗ್ಯಾಕ ಬೇಕು, ಉಣ್ಣಾಕ ಬಾ" ಎಂದ.

ಅಣ್ಣ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿದ್ದ. ಲಂಗರ್ ಹೌಜಿನ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಮನೆ. ನಾನು ಮದುವೆಯಾಗುವವರೆಗೆ ಆರು ವರ್ಷ ಅಲ್ಲೇ ಇದ್ದೆ. ಹಾಗೆ ನೋಡಿದರೆ ಮಸೀದಿಯ ಹಿರಿಯರು ಹೇಳಿದ್ದೇ ನಿಜ. ಆ ಮನೆಯಲ್ಲಿ ನನಗೆ ಅನ್ನ ಹಾಕಿದವರು ಗಂಗಾ ವೈನಿ, ಅಣ್ಣನ ಹೆಂಡತಿ.

ವೈನಿ ಹುಟ್ಟಿ ಬೆಳೆದದ್ದು ಇದೇ ಊರಿನ ಕಾಚಿಗೂಡದಲ್ಲಿ. ತಂದೆತಾಯಿ ಬೀದರ್ ಕಡೆಯಿಂದ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ತೆಲುಗು. ವೈನಿಯ ತಾಯಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಬೀಸುವಾಗ, ಕುಟ್ಟುವಾಗ ಹಾಡುವ ಹಾಡುಗಳು ನೂರಾರು ಬರುತ್ತಿದ್ದವು. ಅವನ್ನೆಲ್ಲ ವೈನಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಶಾಲೆ ಕೊಟ್ಟದ್ದು ತೆಲುಗು ಅಕ್ಷರ, ಆದ್ದರಿಂದ ಹಾಡುಗಳೆಲ್ಲ ಕನ್ನಡದವು, ಬರಹವೆಲ್ಲ ತೆಲುಗಿನದು.

ಅವರು ಹಾಡುವುದನ್ನು ನೀವು ಕೇಳಬೇಕಿತ್ತು. ದೊಡ್ಡ ಕಂಠವಲ್ಲ. ತರಬೇತಿ ಇಲ್ಲ. ಸ್ವಲ್ಪ ಒಡೆದ ದನಿ, ಆದರೆ ಎದುರು ಕೂತು ಸುದ್ದಿ ಹೇಳಿದ ಹಾಗೆ ಹಾಡುತ್ತಿದ್ದರು. ಒಂದು ಹಾಡಂತೂ ಅವರಿಗೆ ಬಲು ಪ್ರೀತಿ: ಹೊಸದಾಗಿ ಗಂಡನ ಮನೆಗೆ ಬಂದ ಹುಡುಗಿ ಬೀಸುಕಲ್ಲಿಗೆ ತನ್ನ ತವರಿನ ದಾರಿ ಕೇಳುತ್ತಾಳೆ, ಕಲ್ಲು ಒಂದೊಂದು ನುಡಿಯಲ್ಲಿ ಒಂದೊಂದು ಊರಿನ ಹೆಸರು ಹೇಳುತ್ತ ಅವಳನ್ನು ಕರೆದೊಯ್ಯುತ್ತದೆ. ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತ ಅದನ್ನು ಹಾಡಿದರೆ, ಒಳಗೆ ಪೇಪರ್ ಓದುತ್ತಿದ್ದ ಅಣ್ಣ ಪೇಪರನ್ನು ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಅದಕ್ಕಿಂತ ಹೆಚ್ಚಿನ ರಸಿಕತೆ ಅವನಿಂದ ಹೊರಡುತ್ತಿರಲಿಲ್ಲ.

ವೈನಿಯನ್ನು ಸಂಘದ ವೇದಿಕೆಗೆ ಹತ್ತಿಸಿದ್ದು ನಾನೇ. "ಮಂದ್ಯಾಗ ಹಾಡಾಕ ನನಗ ಆಗಾಂಗಿಲ್ಲ ಬಸು" ಎಂದು ಮೂರು ವರ್ಷ ತಪ್ಪಿಸಿಕೊಂಡರು. ನಾಲ್ಕನೇ ವರ್ಷ ಒಪ್ಪಿದರು. ಆಮೇಲೆ ಪ್ರತಿ ರಾಜ್ಯೋತ್ಸವಕ್ಕೆ ವೈನಿಯ ಒಂದು ಹಾಡು ಇದ್ದೇ ಇರುತ್ತಿತ್ತು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ತಲೆಗೆ ಒಂದು ಮೊಳ ಮಲ್ಲಿಗೆ. ನೋಟ್‌ಬುಕ್ಕನ್ನು ಒಂದು ಕೈಚೀಲದಲ್ಲಿಟ್ಟುಕೊಂಡು ಬಂದು, ವೇದಿಕೆಯ ಮೇಲೆ ಅದನ್ನು ಎದೆಗೆ ಹತ್ತಿರ ಹಿಡಿದು, ಯಾರಿಗೂ ಕಾಣದ ಹಾಗೆ ನೋಡಿಕೊಳ್ಳುತ್ತಿದ್ದರು. ಹಾಗೇಕೆ ಹಿಡಿಯುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಒಂದು ವರ್ಷ ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬಂದಿದ್ದರು. ದೊಡ್ಡ ಪ್ರಾಧ್ಯಾಪಕರು, ಒಳ್ಳೆಯ ಮಾತುಗಾರರು. ಹೊರನಾಡಿನಲ್ಲಿ ಕನ್ನಡ ಸೊರಗುತ್ತಿದೆ, ಅಕ್ಷರ ಮರೆತವರು ಭಾಷೆಯನ್ನೂ ಮರೆಯುತ್ತಾರೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಸಭೆ ಬಿಗಿಯಾಗಿ ಕೂತಿತ್ತು. ಇಂಥ ಹೊತ್ತಿನಲ್ಲಿ ಸಭೆಯನ್ನು ಹಗುರ ಮಾಡುವುದು ಆಂಕರನ ಕರ್ತವ್ಯ ಎಂದು ನಾನು ನಂಬಿದ್ದೆ. ಅತಿಥಿಗಳ ಮುಂದೆ ನಾನೂ ಚುರುಕಿನವನು ಎನಿಸಿಕೊಳ್ಳುವ ಆಸೆ ಬೇರೆ.

ಮುಂದಿನ ಹೆಸರು ವೈನಿಯದೇ ಇತ್ತು. ಅವರು ಬಂದು ನಿಂತರು, ಕನ್ನಡಕ ಹಾಕಿಕೊಂಡರು, ನೋಟ್‌ಬುಕ್ ತೆರೆದರು. ನಾನು ಪಕ್ಕದಲ್ಲೇ ಇದ್ದೆ. ಪುಟದ ಮೇಲೆ ಆ ತೆಲುಗಿನ ತಲೆಕಟ್ಟುಗಳು ಸಾಲಾಗಿ ಕಂಡವು. ನಾಲಿಗೆ ತಡೆಯಲಿಲ್ಲ.

"ಸಭಿಕರೇ, ಹಾಡಿಗೆ ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ. ಹಾಡು ಕನ್ನಡದ್ದು, ಕಂಠ ಕನ್ನಡದ್ದು, ಸೀರೆಯೂ ಕನ್ನಡದ್ದೇ. ಆದರೆ ಪುಸ್ತಕ ಮಾತ್ರ ಪಕ್ಕದ ಮನೆಯಿಂದ ಕಡ ತಂದದ್ದು. ನಮ್ಮ ವೈನಿ ಕನ್ನಡವನ್ನು ತೆಲುಗಿನಲ್ಲಿ ಓದಿ ಹಾಡುತ್ತಾರೆ!"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ನನ್ನ ಇಷ್ಟು ವರ್ಷದ ಆಂಕರಿಂಗಿನಲ್ಲಿ ಅಷ್ಟು ದೊಡ್ಡ ನಗೆ ಎಂದೂ ಬಿದ್ದಿರಲಿಲ್ಲ. ಅತಿಥಿಗಳು ಕೂತಲ್ಲಿಂದಲೇ, ಪ್ರೀತಿಯಿಂದಲೇ ಅನ್ನಿ, "ಎರಡೂ ಲಿಪಿ ಅಕ್ಕತಂಗಿಯರಿದ್ದ ಹಾಗಮ್ಮಾ, ಮನಸ್ಸು ಮಾಡಿದ್ರೆ ಒಂದು ವಾರದ ಕೆಲಸ" ಎಂದರು. ಮತ್ತೆ ನಗು.

ವೈನಿಯೂ ನಕ್ಕರು. ನೋಟ್‌ಬುಕ್ ಮುಚ್ಚಿದರು. ನೆನಪಿನಿಂದಲೇ ಬೀಸುಕಲ್ಲಿನ ಹಾಡು ಹಾಡತೊಡಗಿದರು. ಮೊದಲ ನುಡಿ ಆಯಿತು, ಎರಡನೆಯದು ಆಯಿತು. ಮೂರನೆಯದಕ್ಕೆ ಬಂದಾಗ ನಿಂತುಬಿಟ್ಟರು. ಒಂದು ಸಲ ಸಭೆಯ ಕಡೆ ನೋಡಿದರು. ನಂತರ ಕೈಮುಗಿದು ಇಳಿದು ಹೋದರು. ನಾನು ಮೈಕಿಗೆ ಬಾಯಿ ಹಚ್ಚಿ, "ಜೋರಾದ ಚಪ್ಪಾಳೆ ಬರಲಿ!" ಎಂದೆ. ಬಂತು.

ಮುಂದಿನ ವರ್ಷ ಅಕ್ಟೋಬರಿನಲ್ಲಿ ಫೋನು ಮಾಡಿದಾಗ ವೈನಿ, "ಗಂಟಲಾ ಸರಿ ಇಲ್ಲ ಬಸು, ಮುಂದಿನ ವರ್ಷ ನೋಡೂಣು" ಎಂದರು. ಅದರ ಮುಂದಿನ ವರ್ಷವೂ ಅದೇ ಮಾತು. ನಾನು ಔಷಧದ ಮನುಷ್ಯ ನೋಡಿ, ಕಂಪನಿಯ ಸ್ಯಾಂಪಲ್ ಸಿರಪ್ಪು, ಚೀಪುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಲಂಗರ್ ಹೌಜಿಗೆ ಹೋಗಿ ಕೊಟ್ಟು ಬರುತ್ತಿದ್ದೆ. ಊಟಕ್ಕೆ ಮೊದಲು ಇಷ್ಟು, ಆಮೇಲೆ ಇಷ್ಟು ಎಂದು ವಿವರಿಸುತ್ತಿದ್ದೆ. ವೈನಿ ಗಂಭೀರವಾಗಿ ಕೇಳಿಸಿಕೊಂಡು, ತೆಗೆದಿಟ್ಟು, ನನಗೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದರು. ಹೀಗೆ ಹನ್ನೊಂದು ವರ್ಷ. ಮನುಷ್ಯನ ಗಂಟಲು ಹನ್ನೊಂದು ವರ್ಷ ಕೆಟ್ಟಿರುವುದಿಲ್ಲ ಎಂಬುದು ಇಷ್ಟೊಂದು ಡಾಕ್ಟರರ ಬಾಗಿಲು ಕಾದವನಿಗೆ ಹೊಳೆಯಲಿಲ್ಲ.

ಹೋದ ವರ್ಷ ವೈನಿಯ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮೆಹದಿಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ವೈನಿಯ ಮಗಳು ಇರುತ್ತಿದ್ದಳು, ಸಂಜೆ ಅಣ್ಣ, ನಡುವಿನ ಮಧ್ಯಾಹ್ನ ನನ್ನದು. ನಾನು ನಿವೃತ್ತನಾಗಿದ್ದೆ, ಕೆಲಸವೇನೂ ಇರಲಿಲ್ಲ. ಒಂದು ದಿನ ವೈನಿ ಫೋನು ಮಾಡಿಸಿ, ಟ್ರಂಕಿನಿಂದ ನೋಟ್‌ಬುಕ್ ತರಲು ಹೇಳಿದರು. ತೆಗೆದುಕೊಂಡು ಹೋದೆ.

"ಆ ಬೀಸೂ ಹಾಡಿನ ಮೂರನೇ ನುಡಿ ಬರವಲ್ದು ನೋಡು" ಎಂದರು. ದನಿ ತೀರ ಸಣ್ಣದಾಗಿತ್ತು. "ಎರಡ ದಿನಾತು, ಉಳದದ್ದೆಲ್ಲಾ ಬರತೈತಿ, ಅದೊಂದು ಬರವಲ್ದು. ನನಗ ಅಕ್ಷರ ಮಸುಕ ಕಾಣಾಕತ್ತಾವು. ನೀ ಓದು."

ನೋಟ್‌ಬುಕ್ ತೆರೆದೆ. ಹಾಡು ಸಿಕ್ಕಿತು, ಮೂರನೇ ನುಡಿಯೂ ಸಿಕ್ಕಿತು. ಓದಲು ಹೋದರೆ ನಾಲಿಗೆ ಎರಡನೇ ಶಬ್ದಕ್ಕೇ ಸಿಕ್ಕಿಬಿತ್ತು. ಅಚ್ಚಿನ ತೆಲುಗನ್ನು ಹೇಗೋ ಊಹಿಸಿಕೊಂಡು ಓದುತ್ತೇನೆ, ಕೈಬರಹ ಅಂದರೆ ಯಾವುದು ಕ, ಯಾವುದು ತ, ಒಂದೂ ತಿಳಿಯದು. ಒಂದು ವಾರದ ಕೆಲಸವನ್ನು ನಾನು ಈ ಊರಿನಲ್ಲಿ ಮೂವತ್ತು ವರ್ಷವಿದ್ದೂ ಮಾಡಿರಲಿಲ್ಲ. ಒಂದನೇ ಇಯತ್ತೆಯ ಹುಡುಗನ ಹಾಗೆ ಬೆರಳಿಟ್ಟು, ತಡವರಿಸಿ, ತಪ್ಪು ಓದಿದೆ.

"ಅದು ತ, ಬಸು" ಎಂದರು ವೈನಿ. "ತವರಮನಿ ತ."

ಮತ್ತೆ ಓದಿದೆ. ಮತ್ತೆ ತಿದ್ದಿದರು. ಒಂದು ನುಡಿ ಮುಗಿಸಲು ಕಾಲು ಗಂಟೆ ಹಿಡಿಯಿತು.

"ಅಲ್ಲೋ, ಬಸ್ಸಿನ ಬೋರ್ಡ್ ಹೆಂಗ ಓದತಿ ನೀ?"

"ನಂಬರ್ ನೋಡ್ತೀನ್ರಿ ವೈನಿ."

ಅವರು ನಕ್ಕರು. ನಕ್ಕದ್ದಕ್ಕೆ ನೋವಾಯಿತೆಂದು ಕಾಣುತ್ತದೆ, ಹೊಟ್ಟೆ ಹಿಡಿದುಕೊಂಡರು. ಆ ಕ್ಷಣದಲ್ಲಿ ನನಗೆ ಎಲ್ಲ ಒಟ್ಟಿಗೆ ತಿಳಿಯಿತು: ನೋಟ್‌ಬುಕ್ಕನ್ನು ಎದೆಗೆ ಹಿಡಿಯುತ್ತಿದ್ದದ್ದು, ಹನ್ನೊಂದು ವರ್ಷ ಕೆಟ್ಟಿದ್ದ ಗಂಟಲು. ಯಾರೋ ಹೇಳಿಕೊಟ್ಟಂತೆ ಅಲ್ಲ, ಕಣ್ಣಮುಂದೆ ಪುಟ ತೆರೆದಿತ್ತು, ಅದರಲ್ಲಿ ನನಗೆ ಓದಲು ಬಾರದ ಅಕ್ಷರವಿತ್ತು, ಅಷ್ಟೇ.

"ವೈನಿ, ಆವತ್ತ ಸ್ಟೇಜಿನ ಮ್ಯಾಲೆ ನಾ ಒಂದು ಮಾತು ಅಂದಿದ್ದೆ…"

"ನೆನಪೈತಿ" ಎಂದರು, ನಾನು ಮುಗಿಸುವ ಮೊದಲೇ.

"ತಪ್ಪಾತ್ರಿ."

ಪಕ್ಕದ ಹಾಸಿಗೆಯಾಕೆಗೆ ಯಾರೋ ತೆಲುಗಿನಲ್ಲಿ ಊಟ ಮಾಡುವಂತೆ ಒತ್ತಾಯಿಸುತ್ತಿದ್ದರು.

"ನಿನ್ನ ಬಾಯಿ ನನಗ ಗೊತ್ತಿಲ್ಲೇನು?" ಎಂದರು ವೈನಿ. "ನೀ ಅಂದದ್ದು ನನಗ ಭಾಳ ಹತ್ತಲಿಲ್ಲ. ಮನಿಗೆ ಬರಲಿ, ಕಿವಿ ಹಿಂಡತೀನಿ ಅಂತ ಮಾಡಿದ್ದೆ. ಆದರ ಮಂದಿ ನಗೂ ಮುಂದ ಕೆಳಗ ನೋಡಿದ್ನಿ. ಮುಂದಿನ ಸಾಲಿನ್ಯಾಗ ನಿಮ್ಮಣ್ಣಾರು ಕುಂತಿದ್ರು. ಎಲ್ಲಾರಕಿಂತಾ ಜೋರ ನಗಾಕತ್ತಿದ್ರು. ತೊಡಿ ಬಡಕೊಂಡು ನಗಾಕತ್ತಿದ್ರು, ಬಸು."

ನಾನು ತೊಡೆಯ ಮೇಲಿನ ನೋಟ್‌ಬುಕ್ ನೋಡಿದೆ.

"ಮದಿವ್ಯಾದ ಹೊಸದಾಗಿ, ನಿಮ್ಮ ಅವ್ವನ ಹಾಡೆಲ್ಲಾ ಬರದಿಡು, ಮರತ ಹೊಕ್ಕಾವು ಅಂತ ಈ ನೋಟ್‌ಬುಕ್ ತಂದು ಕೊಟ್ಟಾವರೂ ಅವರ. ತೆಲುಗಿನ್ಯಾಗ ಬರೀಲೇನ್ರಿ ಅಂದ್ರ, ಯಾವುದರಾಗರ ಬರಿ, ಹಾಡು ನಿಮ್ಮವ್ವಂದು ಹೌದಲ್ಲೋ ಅಂದಿದ್ರು." ಸ್ವಲ್ಪ ಉಸಿರು ತೆಗೆದುಕೊಂಡರು. "ಇದನ್ನ ಅವರ ಮುಂದ ಹೇಳಬ್ಯಾಡ. ಅವರಿಗೆ ನೆನಪೂ ಇರಾಂಗಿಲ್ಲ. ಸುಮ್ಮನ ಜೀವಾ ತಿಂತಾರ. ನೀ ಆ ನುಡಿ ಇನ್ನೊಮ್ಮೆ ಓದು."

ಓದಿದೆ. ಈ ಸಲ ಎರಡೇ ತಪ್ಪು.

ಹತ್ತು ದಿನಕ್ಕೆ ವೈನಿ ಹೋದರು.

ಸಂಘದವರು ಒಂದು ಶ್ರದ್ಧಾಂಜಲಿ ಸಭೆ ಇಟ್ಟರು. ಕಾರ್ಯದರ್ಶಿ ನನಗೇ ಫೋನು ಮಾಡಿ, "ನಿಮ್ಮ ವೈನಿಯವರು, ಆಂಕರಿಂಗ್ ನೀವ ಮಾಡಿದ್ರ ಛಂದ ಆಗತೈತ್ರಿ" ಎಂದರು. ಆಗುವುದಿಲ್ಲ ಎಂದೆ. ಮೈಸೂರಿನಿಂದ ಬಂದು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಹುಡುಗಿ ಮೊಬೈಲ್ ನೋಡಿಕೊಂಡು ಅಚ್ಚುಕಟ್ಟಾಗಿ ನಡೆಸಿಕೊಟ್ಟಳು. ನಾನು ಮೊದಲ ಬಾರಿಗೆ ಕೆಳಗೆ, ಅಣ್ಣನ ಪಕ್ಕದಲ್ಲಿ ಕೂತಿದ್ದೆ. "ಗಂಗಾ ಆಂಟಿ ತುಂಬಾ ಚೆನ್ನಾಗಿ ಹಾಡ್ತಾ ಇದ್ದರಂತೆ" ಎಂದಳು ಆ ಹುಡುಗಿ. ಅವಳ ತಪ್ಪಲ್ಲ. ಅವಳು ಬರುವ ಹೊತ್ತಿಗೆ ವೈನಿ ಹಾಡುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಆ 'ಅಂತೆ' ಎಂಬ ಎರಡಕ್ಷರ ಕೇಳಿ ಅಣ್ಣ ಒಮ್ಮೆ ನನ್ನ ಕಡೆ ತಿರುಗಿ ನೋಡಿದ.

ಲಂಗರ್ ಹೌಜಿನ ಮನೆಗೆ ಬಂದ ಮೇಲೆ ಕೇಳಿದ. ಮಗಳು ಅದೇ ಗಲ್ಲಿಯ ತುದಿಯಲ್ಲಿರುವ ತನ್ನ ಮನೆಗೆ ಹೋಗಿದ್ದಳು. ನಾವಿಬ್ಬರೇ ಇದ್ದೆವು.

"ಬಸು, ಅಕಿ ಹಾಡೂದು ಯಾಕ ಬಿಟ್ಟಳು? ಮನ್ಯಾಗೂ ಹಾಡತಿದ್ದಿಲ್ಲ. ನಾ ಕೇಳಿದ್ರ ಗಂಟಲಾ ಅಂತಿದ್ಳು. ನಿನಗೇನರ ಹೇಳಿದ್ಳೇನು?"

ಹೇಳಬೇಡ ಎಂದಿದ್ದರು ವೈನಿ. ಆದರೆ ಕೇಳುತ್ತಿರುವವನು ನನ್ನ ಅಣ್ಣ. ಏನೂ ಇಲ್ಲ ಎಂದರೆ ಅವನು ಉಳಿದ ವರ್ಷಗಳನ್ನೆಲ್ಲ ಅದನ್ನೇ ಹುಡುಕುತ್ತ ಕಳೆಯುತ್ತಾನೆ.

"ನನ್ನಿಂದ ಬಿಟ್ಟರಣ್ಣ" ಎಂದೆ. ಆ ದಿನದ ಮಾತನ್ನು ಪೂರ್ತಿ ಹೇಳಿದೆ. ಪುಸ್ತಕ ಪಕ್ಕದ ಮನೆಯದು ಎಂದದ್ದು, ಸಭೆ ನಕ್ಕದ್ದು, ಅತಿಥಿಗಳು ಅಂದದ್ದು, ವೈನಿ ನಡುವೆಯೇ ನಿಂತು ಇಳಿದುಹೋದದ್ದು. "ದವಾಖಾನ್ಯಾಗ ವೈನಿನ ಹೇಳಿದ್ರು" ಎಂದೆ.

ಅಣ್ಣ ನನ್ನ ಕಡೆ ನೋಡದೆ, ಗೋಡೆ ನೋಡುತ್ತ ಕೇಳಿದ:

"ಆವತ್ತ ನಾ ಎಲ್ಲಿದ್ದೆ? ನಾನೂ ನಕ್ಕಿದ್ನೇನೋ?"

"ಇಲ್ಲಣ್ಣ. ನೀ ಅಲ್ಲಿ ಇರಲೇ ಇಲ್ಲ. ಹಿಂದ ಊಟದ ಕಡೆ ಇದ್ದಿ. ಭಜಿ ಕಡಿಮಿ ಬಿದ್ದಾವು ಅಂತ ಅಡಗಿಯವ ಕರದಿದ್ನಲ್ಲ, ಅವನ ಕೂಡ ಹೋಗಿದ್ದಿ."

ಒಂದು ಕ್ಷಣವೂ ತಡವರಿಸದೆ, ಭಜಿ, ಅಡುಗೆಯವನು ಎಲ್ಲವನ್ನೂ ಸೇರಿಸಿ ಹೇಳಿದೆ. ಮಾತಿನಲ್ಲಿ ಪಳಗಿದವನಲ್ಲವೇ.

"ಹೌದು" ಎಂದ ಅಣ್ಣ, ನಿಧಾನವಾಗಿ. "ಊಟದ ಕಡೆ ಇದ್ನಿ." ಇನ್ನೊಮ್ಮೆ ಹೇಳಿಕೊಂಡ. ಅವನ ಮುಖ ಸ್ವಲ್ಪ ಸಡಿಲಾಯಿತು. ಮರುಗಳಿಗೆಯೇ ಬಿಗಿಯಿತು, ಈ ಸಲ ನನ್ನ ಮೇಲೆ.

"ನಿನಗ ಆರು ವರ್ಷ ಉಣ್ಣಾಕ ಹಾಕಿದ್ಳಲ್ಲೋ ಅಕಿ."

"ಹೂಂ ಅಣ್ಣ."

"ನೀ ನಡಿ ಇನ್ನ."

ಎದ್ದು ಬಂದೆ.

ಅದಾದ ಮೇಲೂ ಪ್ರತಿ ಭಾನುವಾರ ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸಿ ಲಂಗರ್ ಹೌಜಿಗೆ ಹೋಗುತ್ತೇನೆ. ಅಣ್ಣ ಬಾಗಿಲು ತೆರೆಯುತ್ತಾನೆ, ಒಳಗೆ ಹೋಗಿ ಕೂತು ಪೇಪರ್ ಹಿಡಿಯುತ್ತಾನೆ. ನಾನು ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಮಗಳು ಚಹಾ ತಂದುಕೊಟ್ಟು, ಇಬ್ಬರನ್ನೂ ನೋಡಿ, ಕೇಳಲೋ ಬೇಡವೋ ಎಂಬಂತೆ ನಿಂತು ಹೋಗುತ್ತಾಳೆ. ನೋಟ್‌ಬುಕ್ ಅವಳ ಬಳಿ ಇದೆ. ಅವಳಿಗೆ ತೆಲುಗು ಸರಾಗ, ರಾಗ ಗೊತ್ತಿಲ್ಲ. ಒಂದು ಗಂಟೆ ಕೂತು ನಾನು ಎದ್ದು ಬರುತ್ತೇನೆ. ಮಾತೇ ನನ್ನ ಕಸುಬು ಎಂದುಕೊಂಡಿದ್ದವನಿಗೆ ಆ ಒಂದು ಗಂಟೆ ದೊಡ್ಡದು. ನಿಜ ಹೇಳಿಬಿಡೋಣ ಎನಿಸುತ್ತದೆ. ಅಣ್ಣನ ತಲೆಯ ಬಿಳಿ ಕೂದಲು ಪೇಪರಿನ ಮೇಲಂಚಿನಲ್ಲಿ ಕಾಣುತ್ತದೆ. ಸುಮ್ಮನಾಗುತ್ತೇನೆ.

ಹೀಗೆ ಮೂರು ತಿಂಗಳಾಯಿತು. ಮೊನ್ನೆ ಭಾನುವಾರ ನಾನು ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅಣ್ಣ ಎದ್ದು ಬಾಗಿಲವರೆಗೆ ಬಂದ. ಬಾಗಿಲ ಚೌಕಟ್ಟು ಹಿಡಿದು, ಗಲ್ಲಿಯ ಕಡೆ ನೋಡುತ್ತ, ಯಾರಿಗೋ ಕೇಳಿದ ಹಾಗೆ ಕೇಳಿದ:

"ಈ ಹೊತ್ತಿನ್ಯಾಗ ಬಸ್ಸು ಸಿಗತೈತೇನು?"

"ಸಿಗತೈತಣ್ಣ" ಎಂದೆ.

ಅವನು ತಲೆಯಾಡಿಸಿ ಒಳಗೆ ಹೋದ. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ನಾನು ಗಲ್ಲಿಯ ತಿರುವು ದಾಟುವವರೆಗೂ ಅದು ತೆರೆದೇ ಇತ್ತು.